ಶಾಲೆಯಿಲ್ಲದ ಉಪಾಧ್ಯಾಯ

ಕಳೆದ ವರ್ಷ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಪದವಿ ತರಗತಿಯಲ್ಲಿ ಹಳಗನ್ನಡವನ್ನು ಪ್ರೀತಿಯಿಂದ ಓದಿದ ಹುಡುಗ. ಪಂಪನ ಪದ್ಯವೊಂದನ್ನು ಕೊಟ್ಟರೆ ಅನ್ವಯ ತಪ್ಪದೆ ಅರ್ಥ ಹೇಳಬಲ್ಲವನು. ಮೇಷ್ಟರಾಗಬೇಕೆಂಬುದೊಂದೇ ಅವನ ಹಂಬಲ. ಅದಕ್ಕಾಗಿ ಶಿಕ್ಷಕರ ತರಬೇತಿಗೂ ಸೇರಿದ್ದನು. ನಡುವೆ ಕೆಲವು ತಿಂಗಳು ಅವನ ಮನಸ್ಸು ಕುಸಿದುಬಿದ್ದಿತು. ರಾತ್ರಿ ನಿದ್ರೆಯಿಲ್ಲ, ಹಗಲು ಊಟ ಬೇಡ, ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತದು. ಮನೆಯವರು ವೈದ್ಯರಲ್ಲಿಗೆ ಕರೆದೊಯ್ದರು, ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದನು. ಆದರೆ ರೋಗಕ್ಕಿಂತ ಮಿಗಿಲಾಗಿ ಅವನನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ತನ್ನ ಮನಸ್ಸನ್ನು ತಾನೇ ಆಳಲಾರದವನಿಗೆ ನಲವತ್ತು ಮಕ್ಕಳ ಮುಂದೆ ನಿಲ್ಲುವ ಅರ್ಹತೆ ಉಂಟೆ?

ನನಗೆ ಆ ಸಂಜೆ ಉತ್ತರ ತೋಚಲಿಲ್ಲ. ಬರಿಯ ಸಮಾಧಾನದ ಮಾತು ಅವನಿಗೆ ಬೇಕಾಗಿರಲಿಲ್ಲ. ಇನ್ನೊಂದು ವಾರ ಬಿಟ್ಟು ಬಾ ಎಂದು ಹೇಳಿ ಕಳುಹಿಸಿದೆ. ಅವನು ಹೋದ ಮೇಲೆ ನನಗೆ ನೆನಪಾದವನು ಸ್ಯಾಮ್ಯುಯೆಲ್ ಜಾನ್ಸನ್.

ನಮ್ಮಲ್ಲಿ ಜಾನ್ಸನ್ನನ ಹೆಸರು ಕೇಳದ ಓದುಗರು ಕಡಿಮೆ. ಇಂಗ್ಲಿಷ್ ಭಾಷೆಗೆ ಮಹಾನಿಘಂಟನ್ನು ರಚಿಸಿದವನು. ಮಾತಿನಲ್ಲಿ ಎದುರಾಳಿಗಳನ್ನು ನೆಲಕ್ಕೆ ಕೆಡವಿದ ಮಲ್ಲ. ಬಾಸ್ವೆಲ್ ಎಂಬ ಅದ್ಭುತ ಚರಿತ್ರಕಾರನನ್ನು ಪಡೆದ ಭಾಗ್ಯವಂತ. ಕಿಟ್ಟೆಲ್ಲರ ನಿಘಂಟನ್ನು ದಿನಕ್ಕೊಮ್ಮೆಯಾದರೂ ತಿರುವಿಹಾಕುವ ನನ್ನಂಥ ಕನ್ನಡ ಅಧ್ಯಾಪಕನಿಗೆ, ಒಬ್ಬನೇ ಕುಳಿತು ಒಂದು ಭಾಷೆಯ ಪದರಾಶಿಯನ್ನು ತೂಗಿ ಅಳೆದವನಲ್ಲಿ ಗೌರವ ಹುಟ್ಟುವುದು ಸಹಜವೇ. ಆದರೆ ಈ ಮಹಾಪುರುಷನು ಯೌವನದಲ್ಲಿ ಬಯಸಿದ್ದು ನಿಘಂಟುಕಾರನಾಗುವುದನ್ನಲ್ಲ, ಶಾಲೆಯ ಉಪಾಧ್ಯಾಯನಾಗುವುದನ್ನು. ಮನೋವ್ಯಾಧಿ ಮತ್ತು ದೇಹದ ವಿಚಿತ್ರ ಚೇಷ್ಟೆಗಳು ಆ ಬಾಗಿಲನ್ನು ಮತ್ತೆ ಮತ್ತೆ ಮುಚ್ಚಿದವು. ಈ ಸಂಗತಿ ಅಷ್ಟಾಗಿ ನಮ್ಮ ನೆನಪಿನಲ್ಲಿ ಉಳಿದಿಲ್ಲ. ನನ್ನ ವಿದ್ಯಾರ್ಥಿಗೆ ಹೇಳಬೇಕೆಂದುಕೊಂಡದ್ದು ಆ ಕಥೆಯನ್ನು.

ಜಾನ್ಸನ್ ಹುಟ್ಟಿದ್ದು 1709ರಲ್ಲಿ, ಇಂಗ್ಲೆಂಡಿನ ಮಧ್ಯಭಾಗದ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ. ತಂದೆ ಮೈಕೆಲ್ ಪುಸ್ತಕದ ವ್ಯಾಪಾರಿ. ವಿದ್ಯೆಯುಂಟು, ವ್ಯಾಪಾರದ ಜಾಣತನವಿಲ್ಲ. ತಾಯಿಗೆ ಆಗಲೇ ನಲವತ್ತು ವರ್ಷ. ಮಗು ಉಳಿಯುವ ಭರವಸೆಯೇ ಇರಲಿಲ್ಲ. ಎಳೆತನದಲ್ಲಿಯೇ ಕಂಠಮಾಲೆ ರೋಗ ತಗುಲಿತು. ಮುಖ ಕುತ್ತಿಗೆಗಳ ಮೇಲೆ ಕಲೆಗಳು ಉಳಿದವು, ಒಂದು ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಯಿತು, ಒಂದು ಕಿವಿ ಮಂದವಾಯಿತು. ದೊರೆಗಳು ಮುಟ್ಟಿದರೆ ಆ ರೋಗ ವಾಸಿಯಾಗುವುದೆಂದು ಆಗಿನ ಜನ ನಂಬಿದ್ದರು. 1712ರಲ್ಲಿ ತಾಯಿ ಮಗುವನ್ನು ಲಂಡನ್ನಿಗೆ ಕರೆದೊಯ್ದು ಆ್ಯನ್ ರಾಣಿಯ ಕೈಯಿಂದ ಮುಟ್ಟಿಸಿದಳು. ರೋಗವೇನೂ ಹೋಗಲಿಲ್ಲ. ರಾಣಿ ಕೊಟ್ಟ ಚಿನ್ನದ ಪದಕ ಮಾತ್ರ ಅವನ ಕೊರಳಲ್ಲಿ ಕೊನೆಯವರೆಗೂ ಇತ್ತು. ರೋಗದ ಗುರುತಿನ ಜೊತೆಗೆ ಇನ್ನೊಂದು ಆಸ್ತಿಯೂ ಬಂದಿತು. ಮೈಕೆಲನು ವಿಷಾದ ಪ್ರಕೃತಿಯವನು. ತನ್ನ ಮನಸ್ಸಿನ ಕತ್ತಲೆ ತಂದೆಯಿಂದ ಬಂದದ್ದೆಂದು ಮಗನು ಜೀವನವಿಡೀ ನಂಬಿದನು.

ಬುದ್ಧಿಗೇನೂ ಕೊರತೆಯಿರಲಿಲ್ಲ. ತಂದೆಯ ಅಂಗಡಿಯ ಪುಸ್ತಕಗಳನ್ನು ಹಸಿದವನಂತೆ ಓದಿದನು. 1728ರಲ್ಲಿ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜು ಸೇರಿದನು. ಅಲ್ಲಿ ಅವನ ಬಡತನಕ್ಕೆ ಅವನ ಬೂಟುಗಳೇ ಸಾಕ್ಷಿ. ಹರಿದ ಬೂಟುಗಳನ್ನು ಕಂಡು ಮರುಗಿದ ಯಾರೋ ಹೊಸ ಜೊತೆಯೊಂದನ್ನು ಅವನ ಕೋಣೆಯ ಬಾಗಿಲಲ್ಲಿ ಇಟ್ಟುಹೋದರು. ಜಾನ್ಸನ್ನನು ಸಿಟ್ಟಿನಿಂದ ಅದನ್ನು ಎಸೆದುಬಿಟ್ಟನು. ಹದಿಮೂರು ತಿಂಗಳಾಗುವ ಹೊತ್ತಿಗೆ ಹಣ ತೀರಿತು. 1729ರ ಡಿಸೆಂಬರಿನಲ್ಲಿ ಪದವಿಯಿಲ್ಲದೆ ಊರಿಗೆ ಹಿಂದಿರುಗಿದನು.

ಅವನ ಮನಸ್ಸು ಮೊದಲ ಬಾರಿಗೆ ಪೂರ್ತಿಯಾಗಿ ಕುಸಿದದ್ದು ಆ ದಿನಗಳಲ್ಲಿ. ಆಗ ಅವನಿಗೆ ಇಪ್ಪತ್ತು ವರ್ಷ. ಊರ ಗಡಿಯಾರವನ್ನು ನೋಡುತ್ತ ನಿಂತರೂ ಗಂಟೆ ಎಷ್ಟೆಂದು ಗುರುತಿಸಲಾರದಷ್ಟು ಜಡತೆ ಕವಿಯುತ್ತಿತ್ತಂತೆ. ತನಗೆ ಹುಚ್ಚು ಹಿಡಿಯುತ್ತಿದೆಯೆಂಬ ಭಯ ಅವನನ್ನು ಹಿಡಿಯಿತು. ಅದನ್ನು ಕೊಡವಿಕೊಳ್ಳಲು ಲಿಚ್‌ಫೀಲ್ಡಿನಿಂದ ಬರ್ಮಿಂಗ್‌ಹ್ಯಾಮಿಗೆ ನಡೆದು ಹೋಗಿ ನಡೆದೇ ಹಿಂದಿರುಗುತ್ತಿದ್ದನು. ಮೂವತ್ತು ಮೈಲಿಗೂ ಮೀರಿದ ದಾರಿ. ಕೊನೆಗೆ ತನ್ನ ಸ್ಥಿತಿಯನ್ನೆಲ್ಲ ಲ್ಯಾಟಿನ್ನಿನಲ್ಲಿ ಬರೆದು, ತನ್ನ ಧರ್ಮಪಿತನೂ ವೈದ್ಯನೂ ಆಗಿದ್ದ ಡಾಕ್ಟರ್ ಸ್ವಿನ್‌ಫೆನ್ನನಿಗೆ ಕೊಟ್ಟನು. ವೈದ್ಯನು ಆ ಬರಹದ ಸೊಗಸಿಗೆ ಮಾರುಹೋದನು. ರೋಗಿಯ ಗುಟ್ಟೆಂಬುದನ್ನು ಮರೆತು, ಹುಡುಗನ ಪಾಂಡಿತ್ಯವನ್ನು ಹೊಗಳುತ್ತ, ಅದನ್ನು ಇತರರಿಗೆ ತೋರಿಸಿದನು. ನಂಬಿ ತೆರೆದಿಟ್ಟ ಗಾಯವನ್ನು ಊರಿಗೆ ತೋರಿಸಿದಂತಾಯಿತು. ಜಾನ್ಸನ್ನನ ಮನಸ್ಸು ಆ ಮನುಷ್ಯನ ವಿಷಯದಲ್ಲಿ ಮತ್ತೆ ಎಂದೂ ಪೂರ್ತಿ ತಿಳಿಯಾಗಲಿಲ್ಲ. ಮನಸ್ಸಿನ ರೋಗ ಪಾಂಡಿತ್ಯಕ್ಕೆ ಹೆದರುವುದಿಲ್ಲ. ಚೆನ್ನಾಗಿ ಬರೆಯಬಲ್ಲವನು ಚೆನ್ನಾಗಿಯೇ ಇದ್ದಾನೆಂದು ತಿಳಿಯುವುದು ಇಂದಿಗೂ ನಾವು ಮಾಡುವ ತಪ್ಪು. ನನ್ನ ವಿದ್ಯಾರ್ಥಿಯ ಉತ್ತರಪತ್ರಿಕೆಗಳಿಗೆ ಒಳ್ಳೆಯ ಅಂಕಗಳನ್ನು ಕೊಡುತ್ತಿದ್ದ ನನಗೂ ಅವನ ಒಳಗಿನ ಕುಸಿತ ಕಾಣಿಸಿರಲಿಲ್ಲ.

1731ರಲ್ಲಿ ತಂದೆ ತೀರಿಕೊಂಡನು. ಮಗನ ಪಾಲಿಗೆ ಬಂದದ್ದು 20 ಪೌಂಡು. ಓದಿದ ಬಡವನಿಗೆ ಅಂದೂ ಇದ್ದ ದಾರಿ ಪಾಠ ಹೇಳುವುದು. 1732ರ ವಸಂತದಲ್ಲಿ ಮಾರ್ಕೆಟ್ ಬಾಸ್‌ವರ್ತ್ ಎಂಬಲ್ಲಿನ ಶಾಲೆಗೆ ಸಹಾಯಕ ಉಪಾಧ್ಯಾಯನಾಗಿ ಕಾಲ್ನಡಿಗೆಯಲ್ಲಿಯೇ ಹೋದನು. ಹುಡುಗರಿಗೆ ದಿನವೂ ಅದೇ ವ್ಯಾಕರಣ ಸೂತ್ರ. ಸಂಜೆ ಶಾಲೆಯ ಪೋಷಕನ ಮನೆಯಲ್ಲಿ ಅವಮಾನ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟನು. ಆದರೆ ಬಿಟ್ಟದ್ದು ಆ ಮನೆಯನ್ನು, ವೃತ್ತಿಯನ್ನಲ್ಲ. ಮುಂದೆಯೂ ಒಂದಾದ ಮೇಲೊಂದು ಶಾಲೆಗೆ ಅರ್ಜಿ ಹಾಕುತ್ತಲೇ ಹೋದನು.

ಆ ಅರ್ಜಿಗಳ ಕಥೆ ಓದುವಾಗ ಎದೆ ಭಾರವಾಗುತ್ತದೆ. ಜಾನ್ಸನ್ನನಿಗೆ ತಡೆಯಲಾಗದ ಅಂಗಚೇಷ್ಟೆಗಳಿದ್ದವು. ಮುಖ ಸೊಟ್ಟಗಾಗುವುದು, ತಲೆ ತೂಗುವುದು, ಮೈ ಮುಂದಕ್ಕೂ ಹಿಂದಕ್ಕೂ ಓಲಾಡುವುದು, ಗಂಟಲಿನಿಂದ ವಿಚಿತ್ರ ಧ್ವನಿಗಳು ಹೊರಡುವುದು. ಬಾಗಿಲು ದಾಟುವಾಗ ಇಂತಿಷ್ಟೇ ಹೆಜ್ಜೆಗಳಿರಬೇಕು. ಲೆಕ್ಕ ತಪ್ಪಿದರೆ ಹಿಂದಿರುಗಿ ಮತ್ತೆ ಬರುವನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವಿವರಗಳನ್ನು ಪರಿಶೀಲಿಸಿದ ವೈದ್ಯರು ಇದು ಟುರೆಟ್ ಸಿಂಡ್ರೋಮ್ ಎಂಬ ನರಸಂಬಂಧವಾದ ತೊಂದರೆಯಾಗಿರಬೇಕೆಂದು ಅಭಿಪ್ರಾಯಪಟ್ಟಿದ್ದಾರೆ. ಅವನ ಕಾಲದಲ್ಲಿ ಅದಕ್ಕೆ ಹೆಸರಿರಲಿಲ್ಲ; ನಗೆ ಮಾತ್ರ ಇತ್ತು. 1735ರಲ್ಲಿ ಸಾಲಿಹಲ್ ಶಾಲೆಯವರು ಅವನು ಒಳ್ಳೆಯ ವಿದ್ವಾಂಸನೆಂದು ಒಪ್ಪಿಕೊಂಡೇ ಬೇಡವೆಂದರು. ಸ್ವಭಾವ ಗರ್ವದ್ದು, ಮುಖ ಸೊಟ್ಟ ಮಾಡುವುದರಿಂದ ಹುಡುಗರ ಮೇಲೆ ಕೆಟ್ಟ ಪರಿಣಾಮವಾದೀತು ಎಂಬುದು ಕಾರಣ. ಬ್ರೂವುಡ್ ಶಾಲೆಯ ಮುಖ್ಯೋಪಾಧ್ಯಾಯನು ಹುಡುಗರು ಅಣಕಿಸಿಯಾರೆಂದು ಹೆದರಿದನು. ಹೀಗೆ ವಿದ್ಯೆ ಇದ್ದೂ ಮೈ ಮನಸ್ಸುಗಳ ದೆಸೆಯಿಂದ ಅನರ್ಹನೆನಿಸಿದನು.

ಯಾರೂ ಶಾಲೆಯೊಳಕ್ಕೆ ಸೇರಿಸದಿದ್ದಾಗ ತಾನೇ ಒಂದು ಶಾಲೆ ತೆರೆಯಲು ನಿಶ್ಚಯಿಸಿದನು. 1735ರ ಜುಲೈಯಲ್ಲಿ ಎಲಿಜಬೆತ್ ಪೋರ್ಟರ್ ಎಂಬ ವಿಧವೆಯನ್ನು ಮದುವೆಯಾಗಿದ್ದನು. ಆಕೆ ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಜನ ನಕ್ಕರು, ಆದರೆ ಆ ವಿಕಾರಗಳ ಹಿಂದಿನ ಮನುಷ್ಯನನ್ನು ಕಂಡವಳು ಅವಳು. ಅವಳ ಹಣದಿಂದ ಲಿಚ್‌ಫೀಲ್ಡಿನ ಬಳಿ ಎಡಿಯಲ್ ಎಂಬಲ್ಲಿ ದೊಡ್ಡ ಮನೆಯೊಂದನ್ನು ಹಿಡಿದು ಶಾಲೆ ಆರಂಭಿಸಿದನು. ಯಾವ ತರಗತಿಯಲ್ಲಿ ಏನನ್ನು ಓದಿಸಬೇಕೆಂದು ಶ್ರದ್ಧೆಯಿಂದ ಪಾಠಕ್ರಮ ಬರೆದನು. 1736ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟನು. ಬಂದ ಶಿಷ್ಯರು ಬೆರಳೆಣಿಕೆಯವರು. ನಮಗೆ ತಿಳಿದಿರುವ ಹೆಸರುಗಳು ಮೂರೇ ಮೂರು. ಅವರಲ್ಲೊಬ್ಬ ಡೇವಿಡ್ ಗ್ಯಾರಿಕ್, ಮುಂದೆ ಇಂಗ್ಲಿಷ್ ರಂಗಭೂಮಿಯ ಸಾಮ್ರಾಟನಾದವನು. ಬ್ರೂವುಡ್ಡಿನವನು ಹೆದರಿದ್ದು ಇಲ್ಲಿ ನಿಜವಾಯಿತು. ಹುಡುಗರು ಬೀಗದ ಕಿಂಡಿಯಲ್ಲಿ ಇಣುಕಿ ಗುರುವನ್ನೂ ಗುರುಪತ್ನಿಯನ್ನೂ ನೋಡಿ ನಗುತ್ತಿದ್ದರು. ಗ್ಯಾರಿಕ್ ದೊಡ್ಡವನಾದ ಮೇಲೂ ಆ ಅಣಕವನ್ನು ಅಭಿನಯಿಸಿ ಗೆಳೆಯರನ್ನು ನಗಿಸುತ್ತಿದ್ದನು. ಶಾಲೆ ಒಂದೂವರೆ ವರ್ಷವೂ ನಡೆಯಲಿಲ್ಲ. ಹೆಂಡತಿಯ ಹಣದ ಬಹುಭಾಗ ಕರಗಿತು. 1737ರ ಮಾರ್ಚಿಯಲ್ಲಿ ಗುರು ಶಿಷ್ಯರಿಬ್ಬರೂ ಲಂಡನ್ನಿನ ದಾರಿ ಹಿಡಿದರು.

ಲಂಡನ್ನಿನಲ್ಲಿ ಪತ್ರಿಕೆಗೆ ಬರೆದು ಹೊಟ್ಟೆ ಹೊರೆಯುತ್ತಿದ್ದಾಗಲೂ ಶಾಲೆಯ ಹಂಬಲ ಆರಲಿಲ್ಲ. 1739ರಲ್ಲಿ ಆ್ಯಪಲ್‌ಬಿ ಶಾಲೆಯ ಮುಖ್ಯೋಪಾಧ್ಯಾಯನ ಸ್ಥಾನಕ್ಕೆ ಮತ್ತೆ ಯತ್ನಿಸಿದನು. ಅದಕ್ಕೆ ಎಂ.ಎ. ಪದವಿ ಬೇಕಾಗಿತ್ತು. ದೊಡ್ಡವರ ಶಿಫಾರಸಿನಿಂದಲೂ ಪದವಿ ದೊರೆಯಲಿಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಮುಂದಿನದು ಎಲ್ಲರೂ ಬಲ್ಲ ಕಥೆ. 1746ರಲ್ಲಿ ಪುಸ್ತಕ ಪ್ರಕಾಶಕರೊಡನೆ ನಿಘಂಟಿನ ಒಪ್ಪಂದವಾಯಿತು. ಮೂರು ವರ್ಷದಲ್ಲಿ ಮುಗಿಸುವೆನೆಂದವನಿಗೆ ಹತ್ತಿರಹತ್ತಿರ ಒಂಬತ್ತು ವರ್ಷ ಹಿಡಿಯಿತು. ಗಫ್ ಸ್ಕ್ವೇರಿನ ಮನೆಯ ಅಟ್ಟದಲ್ಲಿ ಆರು ಮಂದಿ ಲಿಪಿಕಾರರನ್ನು ಕೂರಿಸಿಕೊಂಡು 42,000ಕ್ಕೂ ಹೆಚ್ಚು ಪದಗಳನ್ನು ಅರ್ಥವಿಸಿದನು. ಲಕ್ಷಕ್ಕೂ ಮೀರಿದ ಪ್ರಯೋಗಗಳನ್ನು ಪೂರ್ವಕವಿಗಳಿಂದ ಆರಿಸಿಕೊಟ್ಟನು. ನಡುವೆ ವಾರಕ್ಕೆರಡು ಬಾರಿ ‘ರ್‍ಯಾಂಬ್ಲರ್’ ಎಂಬ ಪ್ರಬಂಧಪತ್ರಿಕೆಯನ್ನು ಎರಡು ವರ್ಷ ಬರೆದನು. 208 ಸಂಚಿಕೆಗಳು, ಹೆಚ್ಚುಕಡಿಮೆ ಎಲ್ಲವೂ ಅವನವೇ. ಅದರ ಕೊನೆಯ ಸಂಚಿಕೆ ಹೊರಬಂದ ಮೂರು ದಿನಕ್ಕೆ, 1752ರ ಮಾರ್ಚಿಯಲ್ಲಿ, ಹೆಂಡತಿ ತೀರಿಕೊಂಡಳು. ದುಃಖದ ನಡುವೆಯೇ ಕೆಲಸ ಸಾಗಿತು. 1755ರಲ್ಲಿ ನಿಘಂಟು ಅಚ್ಚಾಗುವ ಮುನ್ನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಅವನಿಗೆ ಎಂ.ಎ. ಪದವಿ ನೀಡಿತು. ಹದಿನಾರು ವರ್ಷ ಮೊದಲು ಬಂದಿದ್ದರೆ ಅವನು ಒಂದು ಹಳ್ಳಿಯ ಶಾಲೆಗೆ ಮುಖ್ಯೋಪಾಧ್ಯಾಯನಾಗಬಹುದಾಗಿತ್ತು. ಈಗ ಒಂದು ಭಾಷೆಯನ್ನಾಡುವವರೆಲ್ಲ ಅವನ ತರಗತಿಯಲ್ಲಿ ಕುಳಿತಿದ್ದರು.

ಕೀರ್ತಿ ಬಂದಿತು, 1762ರಲ್ಲಿ ವರ್ಷಕ್ಕೆ 300 ಪೌಂಡಿನ ರಾಜವೇತನವೂ ಬಂದಿತು. ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಸುಖಾಂತವಾಗುತ್ತಿತ್ತು, ಆದರೆ ಸತ್ಯವಾಗುತ್ತಿರಲಿಲ್ಲ. ಬಡತನ ಹೋದರೂ ರೋಗ ಹೋಗಲಿಲ್ಲ. 1766ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಮನಸ್ಸು ಎರಡನೆಯ ಬಾರಿಗೆ ಭೀಕರವಾಗಿ ಕುಸಿಯಿತು. ವಾರಗಟ್ಟಲೆ ಕೋಣೆಯಿಂದ ಹೊರಬರಲಿಲ್ಲ. ಸ್ನೇಹಿತರಾದ ಥ್ರೇಲ್ ದಂಪತಿಗಳು ನೋಡಲು ಬಂದಾಗ, ಪಾದ್ರಿಯೊಬ್ಬನ ಮುಂದೆ ಮೊಣಕಾಲೂರಿ, ತನ್ನ ಬುದ್ಧಿಯನ್ನು ಉಳಿಸಿಕೊಡುವಂತೆ ದೇವರಲ್ಲಿ ಮೊರೆಯಿಡುತ್ತಿದ್ದನು. ಇಂಗ್ಲೆಂಡಿನ ಅತ್ಯಂತ ಪ್ರಖರ ಬುದ್ಧಿಯವನೆಂದು ಹೆಸರಾದವನು ಬೇಡಿದ್ದು ಅದೊಂದನ್ನೇ. ಹೆಸ್ಟರ್ ಥ್ರೇಲ್ ಮತ್ತು ಅವಳ ಗಂಡ ಉಪದೇಶ ಹೇಳಲಿಲ್ಲ. ಸ್ಟ್ರೆಥಮ್ಮಿನ ತಮ್ಮ ಮನೆಗೆ ಕರೆದೊಯ್ದರು. ಮೂರು ತಿಂಗಳಿಗೂ ಹೆಚ್ಚು ಕಾಲ ಹೊತ್ತಿಗೆ ಊಟ, ಮಾತಿಗೆ ಜನ, ಆಡಲು ಮಕ್ಕಳು ದೊರೆತರು. ನಿಧಾನವಾಗಿ ಅವನು ಮರಳಿದನು.

ಮರಳಿದವನು ಮಾಡಿದ ಒಂದು ಕೆಲಸ ನನಗೆ ಬಹು ಪ್ರಿಯವಾದದ್ದು. ಅದೇ ವರ್ಷ ಅವನ ಕಿರಿಯ ಮಿತ್ರ ರಾಬರ್ಟ್ ಚೇಂಬರ್ಸ್ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾಗಿ, ಪಾಠಗಳನ್ನು ಬರೆಯಲು ಧೈರ್ಯ ಸಾಲದೆ ಕೈಚೆಲ್ಲಿ ಕುಳಿತಿದ್ದನು. ಜಾನ್ಸನ್ನನು ಗುಟ್ಟಾಗಿ ಅವನ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನು ಬರೆಯಿಸಿದನು. ಮುಂದೆ ಚೇಂಬರ್ಸ್ ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿ ನಮ್ಮ ದೇಶಕ್ಕೇ ಬಂದನು. ತಾನು ಆಗತಾನೆ ಕತ್ತಲೆಯಿಂದ ಎದ್ದು ಬಂದವನು, ಹೆದರಿದ ಇನ್ನೊಬ್ಬ ಉಪಾಧ್ಯಾಯನನ್ನು ಕೈಹಿಡಿದು ಪಾಠದ ಮನೆಗೆ ನಡೆಸಿದನು.

ರೋಗವನ್ನು ಗೆಲ್ಲಲಾಗದಿದ್ದರೂ ಅದರೊಡನೆ ಬಾಳುವ ಕ್ರಮವನ್ನು ಜಾನ್ಸನ್ನನು ಕಲಿತನು. ಮನಸ್ಸು ಕದಡಿದಾಗ ಗಣಿತಕ್ಕೆ ಕೂರುತ್ತಿದ್ದನು. ಉದ್ದುದ್ದ ಲೆಕ್ಕಗಳನ್ನು ಮಾಡುತ್ತ ಕಲ್ಪನೆಯ ಕುದುರೆಗೆ ಕಡಿವಾಣ ಹಾಕುತ್ತಿದ್ದನು. ಏಕಾಂತವೂ ಆಲಸ್ಯವೂ ಒಟ್ಟಿಗೆ ಸೇರಬಾರದೆಂಬುದು ಅವನು ತನಗೂ ಬಾಸ್ವೆಲ್ಲನಿಗೂ ಹಾಕಿಕೊಟ್ಟ ನಿಯಮ: ಕೆಲಸವಿಲ್ಲದಾಗ ಜನರ ನಡುವೆ ಇರಬೇಕು, ಜನವಿಲ್ಲದಾಗ ಕೆಲಸದಲ್ಲಿರಬೇಕು. ಬೆಳಗ್ಗೆ ಬೇಗ ಏಳುವೆನೆಂದು ವರ್ಷವರ್ಷವೂ ಸಂಕಲ್ಪ ಮಾಡಿ ವರ್ಷವರ್ಷವೂ ಸೋತನು. ಸೋತದ್ದನ್ನು ಬರೆದಿಟ್ಟು ಮತ್ತೆ ಸಂಕಲ್ಪ ಮಾಡಿದನು. ತಾಯಿಯ ಉತ್ತರಕ್ರಿಯೆಯ ಖರ್ಚಿಗಾಗಿ 1759ರಲ್ಲಿ ಅವಸರದಿಂದ ಬರೆದ ‘ರಾಸಲಸ್’ ಕಥೆಯಲ್ಲಿ, ಮಳೆ ಬಿಸಿಲುಗಳನ್ನು ತಾನೇ ಹಂಚುತ್ತಿದ್ದೇನೆಂದು ನಂಬಿದ ಖಗೋಳಜ್ಞನೊಬ್ಬನು ಬರುತ್ತಾನೆ. ಅವನು ದುಷ್ಟನಲ್ಲ, ಮೂರ್ಖನಲ್ಲ. ಬಹುಕಾಲ ಒಬ್ಬನೇ ಇದ್ದ ಪಂಡಿತ. ಯಾರೂ ಅವನನ್ನು ಅಣಕಿಸುವುದಿಲ್ಲ. ರಾಜಕುಮಾರಿ ಮತ್ತು ಅವಳ ಸಖಿಯ ಒಡನಾಟದಲ್ಲಿ, ದಿನದಿನದ ಮಾತುಕತೆಯಲ್ಲಿ, ಆ ಭ್ರಮೆ ಸಡಿಲಗೊಳ್ಳುತ್ತದೆ. ಸ್ವಸ್ಥನಿಗೂ ಅಸ್ವಸ್ಥನಿಗೂ ನಡುವೆ ಇರುವುದು ಗೋಡೆಯಲ್ಲ, ಇಳಿಜಾರು ಎಂಬುದು ಆ ಕಥೆಯ ಮರ್ಮ.

ಅವನ ಮನೆಯೇ ಆ ತಿಳಿವಳಿಕೆಯ ಆಚರಣೆಯಾಗಿತ್ತು. ಕುರುಡಿಯಾದ ಆ್ಯನ ವಿಲಿಯಮ್ಸ್, ಬಡವರಿಗೆ ಮದ್ದು ಕೊಡುತ್ತಿದ್ದ ರಾಬರ್ಟ್ ಲೆವೆಟ್, ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್, ಇವರೆಲ್ಲ ಅಲ್ಲಿದ್ದರು. ಸದಾ ಜಗಳವಾಡುತ್ತಲೂ ಇದ್ದರು. ಇವರ ಜೊತೆಗೆ ಶ್ರೀಮತಿ ಡೆಮೂಲಿನ್ ಎಂಬ ನಿರ್ಗತಿಕ ವಿಧವೆಗೂ ಇರಲು ಸ್ಥಳ ಕೊಟ್ಟು, ವಾರವಾರವೂ ಹಣ ಕೊಡುತ್ತಿದ್ದನು. ಈಕೆ ಆ ಡಾಕ್ಟರ್ ಸ್ವಿನ್‌ಫೆನ್ನನ ಮಗಳು. ತನ್ನ ಗುಟ್ಟನ್ನು ಊರಿಗೆ ಹಂಚಿದವನ ಮಗಳಿಗೆ ಅವನು ಆಶ್ರಯವಿತ್ತನು. ರಾತ್ರಿ ಬೀದಿಯಲ್ಲಿ ಮಲಗಿದ ಅನಾಥ ಮಕ್ಕಳ ಕೈಯಲ್ಲಿ, ಬೆಳಗಿನ ತಿಂಡಿಗಾಗಲೆಂದು ಕಾಸು ಇಟ್ಟುಹೋಗುತ್ತಿದ್ದನು. ನೊಂದ ಮನಸ್ಸು ಕೆಲವರನ್ನು ಕಹಿಯಾಗಿಸುತ್ತದೆ. ಮಾತಿನಲ್ಲಿ ಜಾನ್ಸನ್ನನೂ ಒರಟನೇ, ಅನೇಕ ವೇಳೆ ಅನ್ಯಾಯಗಾರನೇ. ಮಕ್ಕಳನ್ನು ಹೊಡೆದು ಕಲಿಸುವುದನ್ನು ಸಮರ್ಥಿಸಿದವನೆಂಬುದನ್ನೂ ಮರೆಮಾಚಲಾಗದು. ಆದರೆ ಕೃತಿಯಲ್ಲಿ ಆ ನೋವು ಕರುಣೆಯಾಯಿತು.

ಕವಿಗಳ ಜೀವನಚರಿತ್ರೆಗಳನ್ನು ಅವನು ಬರೆದದ್ದು ಎಪ್ಪತ್ತರ ವಯಸ್ಸಿನಲ್ಲಿ. ಮಿಲ್ಟನ್ನನು ಹುಡುಗರಿಗೆ ಪಾಠ ಹೇಳಿದ್ದನ್ನು ಅವಮಾನವೆಂಬಂತೆ ಮುಚ್ಚಿಡಲು ಯತ್ನಿಸಿದವರನ್ನು ಅಲ್ಲಿ ಅವನು ಒಪ್ಪುವುದಿಲ್ಲ. ಓಡುವ ಗಮನವನ್ನು ಹಿಂದಕ್ಕೆ ಕರೆತರಲು, ಜಡತೆಯನ್ನು ಎಬ್ಬಿಸಲು ಎಷ್ಟು ತಾಳ್ಮೆ ಬೇಕೆಂಬುದನ್ನು ಪಾಠ ಹೇಳಿದವನೇ ಬಲ್ಲನೆನ್ನುತ್ತಾನೆ. ಎಡಿಯಲ್ಲಿನ ಆ ಖಾಲಿ ಬೆಂಚುಗಳು ಅವನ ಕಣ್ಣ ಮುಂದೆ ಇದ್ದಿರಬೇಕು.

1783ರ ಜೂನ್ ತಿಂಗಳ ಒಂದು ರಾತ್ರಿ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಎಚ್ಚರವಾದೊಡನೆ ಜಾನ್ಸನ್ನನು ಮಾಡಿದ ಮೊದಲ ಕೆಲಸ, ಬುದ್ಧಿ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ಲ್ಯಾಟಿನ್ ಪದ್ಯದಲ್ಲಿ ಒಂದು ಪ್ರಾರ್ಥನೆ ರಚಿಸಿದ್ದು. ಪದ್ಯ ಅಷ್ಟು ಚೆನ್ನಾಗಿಲ್ಲವೆಂದು ತನಗೇ ತಿಳಿಯಿತು. ಹಾಗಾದರೆ ಬುದ್ಧಿ ಉಳಿದಿದೆಯೆಂದು ಸಮಾಧಾನಗೊಂಡನು. ಹೀಗೆ ಕೊನೆಯವರೆಗೂ ತನ್ನ ಮನಸ್ಸಿಗೆ ತಾನೇ ಪರೀಕ್ಷಕನಾಗಿದ್ದು, 1784ರ ಡಿಸೆಂಬರ್ 13ರಂದು ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಫ್ರಾನ್ಸಿಸ್ ಬಾರ್ಬರನನ್ನು ಅವನು ಬರಿಯ ಸೇವಕನೆಂದು ಇಟ್ಟುಕೊಂಡಿರಲಿಲ್ಲ. ದೊಡ್ಡವನಾಗಿದ್ದ ಬಾರ್ಬರನನ್ನು ತನ್ನ ಖರ್ಚಿನಲ್ಲಿ ಬಿಷಪ್ಸ್ ಸ್ಟಾರ್ಟ್‌ಫರ್ಡಿನ ಶಾಲೆಗೆ ವರ್ಷಗಟ್ಟಲೆ ಕಳುಹಿಸಿ ಓದಿಸಿದ್ದನು. ಮರಣಶಾಸನದಲ್ಲಿ ತನ್ನ ಆಸ್ತಿಯ ಬಹುಭಾಗವನ್ನು ಅವನಿಗೇ ಬಿಟ್ಟನು. ಬಾರ್ಬರನು ಹೆಂಡತಿ ಮಕ್ಕಳೊಡನೆ ಲಿಚ್‌ಫೀಲ್ಡಿಗೆ ಹೋಗಿ ನೆಲೆಸಿದನು. ಕೊನೆಗಾಲದಲ್ಲಿ ಹತ್ತಿರದ ಬರ್ನ್‌ಟ್‌ವುಡ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಶಾಲೆ ನಡೆಸಿದನು. ಬರ್ನ್‌ಟ್‌ವುಡ್ ಇರುವುದು ಎಡಿಯಲ್ಲಿನ ಮಗ್ಗುಲಲ್ಲಿ. ಗುರುವಿನ ಶಾಲೆ ಮುಚ್ಚಿದ ನೆಲದ ಪಕ್ಕದಲ್ಲಿಯೇ ಶಿಷ್ಯನ ಶಾಲೆ ತೆರೆಯಿತು.

ಒಂದು ವಾರದ ಮೇಲೆ ಹುಡುಗ ಬಂದಾಗ ಇಷ್ಟನ್ನೂ ಹೇಳಿದೆ. ಅವನ ಪ್ರಶ್ನೆಗೆ ನನಗೆ ತೋರಿದ ಉತ್ತರವನ್ನೂ ಹೇಳಿದೆ. ಮನಸ್ಸನ್ನು ಪೂರ್ತಿಯಾಗಿ ಆಳಿದ ಮೇಲೆಯೇ ಪಾಠ ಹೇಳಬೇಕೆಂದರೆ ಲೋಕದಲ್ಲಿ ಉಪಾಧ್ಯಾಯರೇ ಇರಲಾರರು. ಬೇಕಾದದ್ದು, ಬಿದ್ದದ್ದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ, ಎತ್ತುವವರ ಕೈ ಹಿಡಿಯುವ ವಿನಯ, ಬಿದ್ದ ಇನ್ನೊಬ್ಬನನ್ನು ಗುರುತಿಸುವ ಕಣ್ಣು. ಜಾನ್ಸನ್ನನ ಕಾಲಕ್ಕೆ ಇಲ್ಲದ ವೈದ್ಯ ನಿನಗೆ ಇದ್ದಾನೆ, ಅವನನ್ನು ಬಿಡಬೇಡ ಎಂದೂ ಹೇಳಿದೆ. ಹುಡುಗ ಮಾತನಾಡಲಿಲ್ಲ. ಹೊರಡುವಾಗ ಮಾತ್ರ, ಬಾರ್ಬರನ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರು ಸಾರ್ ಎಂದು ಕೇಳಿದನು. ನಾನು ಹೇಳಲಾರದೆ ಹೋದೆ.

ಈಗ ಅವನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರು. ಮೊನ್ನೆ ಕಾಗದ ಬಂದಿತ್ತು. ತಿಂಗಳಿಗೊಮ್ಮೆ ವೈದ್ಯರನ್ನು ಕಾಣುತ್ತಿದ್ದಾನಂತೆ. ಮನಸ್ಸು ಕದಡಿದ ದಿನ ಗಣಿತದ ಮೇಷ್ಟರಿಂದ ಲೆಕ್ಕದ ಪುಸ್ತಕವನ್ನು ಎರವಲು ತಂದು ಕೂರುತ್ತಾನಂತೆ. ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ, ಯಾರೊಡನೆಯೂ ಮಾತನಾಡದೆ ಕಿಟಕಿಯ ಹೊರಗೆ ನೋಡುತ್ತ ಕೂರುವ ಹುಡುಗನೊಬ್ಬನಿದ್ದಾನಂತೆ. ಶಾಲೆ ಬಿಟ್ಟ ಮೇಲೆ ಅವನೊಡನೆ ದಿನವೂ ಸ್ವಲ್ಪ ದೂರ ನಡೆದು ಹೋಗುತ್ತಿದ್ದೇನೆಂದು ಬರೆದಿದ್ದಾನೆ.